ಬಿದ್ದ ಅಕ್ಷರ ಏಳುವ ಲೆಕ್ಕ

ಮದುವೆ ಸೀಸನ್ನಿನಲ್ಲಿ ವಾಟ್ಸ್‌ಆ್ಯಪ್‌ಗೆ ಬಂದು ಬೀಳುವ ಆಮಂತ್ರಣದ ವಿಡಿಯೊಗಳನ್ನು ನೆನಪಿಸಿಕೊಳ್ಳಿ. ಮೊದಲು ಗಣಪತಿ, ಹಿಂದೆ ನಾದಸ್ವರ. ಎರಡೂ ಕಡೆಯಿಂದ ಮಾವಿನ ತೋರಣ ಜಾರಿ ಬಂದು ಕೂಡಿಕೊಳ್ಳುತ್ತದೆ. ಆಮೇಲೆ ವಧುವಿನ ಹೆಸರು ಮೇಲಿನಿಂದ ಧೊಪ್ಪನೆ ಬೀಳುತ್ತದೆ. ಬಿದ್ದು ಅಲ್ಲೇ ಇರುವುದಿಲ್ಲ. ಒಮ್ಮೆ ಪುಟಿದು, ಮತ್ತೆ ಸ್ವಲ್ಪ ಪುಟಿದು, ಕೊನೆಗೆ ಪುಟಿದೆನೋ ಇಲ್ಲವೋ ಎಂಬಂತೆ ಅಲುಗಿ, ತನ್ನ ಜಾಗದಲ್ಲಿ ಸುಮ್ಮನಾಗುತ್ತದೆ. ಅದರ ಬೆನ್ನಿಗೇ ವರನ ಹೆಸರು, ಛತ್ರದ ಹೆಸರು, ಮುಹೂರ್ತ. ನೋಡುವವರು ಪಾತ್ರೆ ತೊಳೆಯುತ್ತಲೋ ಬಸ್ಸಿಗೆ ಕಾಯುತ್ತಲೋ ಅದನ್ನು ನೋಡಿ, ‘ಚೆನ್ನಾಗಿದೆ’ ಎಂದು ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ.

ಆ ಹೆಸರು ಪುಟಿದದ್ದು ಯಾಕೆ ನಿಜ ಅನ್ನಿಸಿತು ಎಂದು ಯಾರೂ ಕೇಳುವುದಿಲ್ಲ. ಅಕ್ಷರಕ್ಕೆ ತೂಕವಿಲ್ಲ. ಪರದೆಯ ಮೇಲೆ ನೆಲವಿಲ್ಲ. ರಬ್ಬರೂ ಇಲ್ಲ, ಗುರುತ್ವವೂ ಇಲ್ಲ. ಆದರೂ ಪುಟಿತ ಒಂಚೂರು ತಪ್ಪಿದರೆ ಐದು ವರ್ಷದ ಮಗುವಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಚೆಂಡು ಹೇಗೆ ಪುಟಿಯುತ್ತದೆ ಎಂಬುದನ್ನು ನಾವೆಲ್ಲ ಶಾಲೆಗೆ ಸೇರುವ ಮೊದಲೇ ಕಲಿತಿರುತ್ತೇವೆ. ಬಾಯಲ್ಲಿ ಹೇಳಲು ಬರುವುದಿಲ್ಲ, ಅಷ್ಟೆ.

ಬಾಯಲ್ಲಿ ಹೇಳಲು ಬಾರದ ಆ ತಿಳಿವಳಿಕೆಯನ್ನು ಒಂದೆರಡು ಸಾಲಿನ ಲೆಕ್ಕವಾಗಿ ಬರೆದು ಕಂಪ್ಯೂಟರಿಗೆ ಕೊಡುವ ಕೆಲಸವೊಂದಿದೆ. ಮೋಷನ್ ಗ್ರಾಫಿಕ್ಸ್ ಮಾಡುವವರು ಅದನ್ನು ‘ಎಕ್ಸ್‌ಪ್ರೆಶನ್’ ಎನ್ನುತ್ತಾರೆ. ‘ಎಕ್ಸ್‌ಪ್ರೆಶನ್ ಹಾಕಿದೀನಿ ಸಾರ್, ತಾನೇ ಬೌನ್ಸ್ ಆಗತ್ತೆ’ ಎಂದು ಎಡಿಟಿಂಗ್ ಕೋಣೆಯಲ್ಲಿ ಹೇಳುವಾಗ ಅವರು ಹೇಳುತ್ತಿರುವುದು ಇದನ್ನೇ.

ಕೋಲಿನ ತುದಿಯ ಚೆಂಡು

ಅಕ್ಷರಕ್ಕೂ ಪುಟಿತಕ್ಕೂ ಇರುವ ನಂಟು ಕಂಪ್ಯೂಟರಿಗಿಂತ ಬಹಳ ಹಳೆಯದು. 1924ರಲ್ಲಿ ನ್ಯೂಯಾರ್ಕಿನ ಮ್ಯಾಕ್ಸ್ ಫ್ಲೈಷರ್ ಸ್ಟುಡಿಯೊ ಸಿನಿಮಾ ಮಂದಿರಗಳಿಗಾಗಿ ಹಾಡಿನ ಕಿರುಚಿತ್ರಗಳನ್ನು ತೆಗೆಯಲು ಶುರುಮಾಡಿತು. ಪರದೆಯ ಮೇಲೆ ಹಾಡಿನ ಸಾಲು. ಅದರ ಮೇಲೆ ಒಂದು ಬಿಳಿ ಚೆಂಡು ಪದದಿಂದ ಪದಕ್ಕೆ ಕುಪ್ಪಳಿಸುತ್ತ ಹೋಗುತ್ತದೆ. ಪ್ರೇಕ್ಷಕರು ಚೆಂಡು ಎಲ್ಲಿದೆಯೋ ಆ ಪದವನ್ನು ಹಾಡಬೇಕು. ಈಗಿನ ಕರೋಕೆಯ ಅಜ್ಜ ಇದು. ತಮಾಷೆಯೆಂದರೆ, ಕಾರ್ಟೂನಿಗೆ ಹೆಸರಾದ ಆ ಸ್ಟುಡಿಯೊದಲ್ಲಿ ಈ ಚೆಂಡನ್ನು ಚಿತ್ರವಾಗಿ ಬರೆಯಲಿಲ್ಲ. ಕೋಲಿನ ತುದಿಗೆ ಚೆಂಡು ಸಿಕ್ಕಿಸಿ, ಹಾಡಿನ ಲಯಕ್ಕೆ ಕೈಯಲ್ಲೇ ಆಡಿಸಿ, ಅದನ್ನು ಕ್ಯಾಮೆರಾದಲ್ಲಿ ಹಿಡಿದರು. ನಮ್ಮ ತೊಗಲುಗೊಂಬೆಯವರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ.

ಕೈಯಲ್ಲಿ ಬಿಡಿಸುವ ಅನಿಮೇಷನ್ ಕಲಿಸುವವರು ಮೊದಲ ಪಾಠವಾಗಿ ಕೊಡುವುದು ಇದೇ ಪುಟಿಯುವ ಚೆಂಡನ್ನು. ಸಂಗೀತಕ್ಕೆ ಸರಳೆ ವರಸೆ ಹೇಗೋ ಹಾಗೆ. ಚೆಂಡು ಮೇಲೆ ಹೋದಾಗ ನಿಧಾನ, ನೆಲದ ಹತ್ತಿರ ವೇಗ. ಆದ್ದರಿಂದ ಮೇಲೆ ಚಿತ್ರಗಳು ಒತ್ತೊತ್ತಾಗಿ, ಕೆಳಗೆ ದೂರದೂರವಾಗಿ ಬರಬೇಕು. ನೆಲಕ್ಕೆ ತಾಗಿದ ಗಳಿಗೆ ಚೆಂಡು ಚಪ್ಪಟೆಯಾಗಬೇಕು, ಎದ್ದಾಗ ನೀಳವಾಗಬೇಕು. ಡಿಸ್ನಿಯ ಹಳೆಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಅನಿಮೇಷನ್ನಿನ 12 ಸೂತ್ರಗಳನ್ನು ಪಟ್ಟಿ ಮಾಡಿದಾಗ, ಈ ಹಿಗ್ಗು-ಕುಗ್ಗನ್ನೇ ಮೊದಲ ಸೂತ್ರವಾಗಿ ಇಟ್ಟರು. ಪಿಕ್ಸರಿನ ಜಾನ್ ಲ್ಯಾಸೆಟರ್ 1986ರಲ್ಲಿ ಮೇಜಿನ ದೀಪವೊಂದು ಚೆಂಡಿನ ಜೊತೆ ಆಡುವ ‘ಲಕ್ಸೊ ಜೂನಿಯರ್’ ಎಂಬ ಪುಟ್ಟ ಚಿತ್ರ ಮಾಡಿ, ಮರುವರ್ಷ ಆ ಸೂತ್ರಗಳನ್ನು ಕಂಪ್ಯೂಟರಿಗೆ ಅಳವಡಿಸುವುದು ಹೇಗೆಂದು ಪ್ರಬಂಧವನ್ನೇ ಬರೆದರು.

ಇಷ್ಟರವರೆಗೂ ಲೆಕ್ಕ ಕಲಾವಿದನ ಕಣ್ಣಿನಲ್ಲಿತ್ತು, ಮಣಿಕಟ್ಟಿನಲ್ಲಿತ್ತು. ಕಾಗದದ ಮೇಲೆ ಇರಲಿಲ್ಲ.

ಗಡಿಯಾರದ ಗುರುತಿನೊಳಗಿನ ಸೂತ್ರ

ಅಮೆರಿಕದ ರೋಡ್ ಐಲೆಂಡಿನ ಒಂದು ಪುಟ್ಟ ಕಂಪನಿ 1993ರಲ್ಲಿ ‘ಆಫ್ಟರ್ ಎಫೆಕ್ಟ್ಸ್’ ಎಂಬ ತಂತ್ರಾಂಶವನ್ನು ಹೊರತಂದಿತು. ಕೈಯಿಂದ ಕೈಗೆ ದಾಟಿ ಮರುವರ್ಷವೇ ಅದು ಅಡೋಬಿಯ ಬಗಲಿಗೆ ಬಂತು. ಟಿ.ವಿ. ಸುದ್ದಿಯ ಪಟ್ಟಿ, ಜಾಹೀರಾತಿನ ಲೋಗೊ, ಸಿನಿಮಾದ ಲಿರಿಕಲ್ ವಿಡಿಯೊ ಮುಂತಾದವನ್ನು ಮಾಡುವ ಬಹಳಷ್ಟು ಜನ ಇವತ್ತು ಬಳಸುವುದು ಇದನ್ನೇ.

ಇದರಲ್ಲಿ ಚಲನೆ ಹುಟ್ಟುವ ಮಾಮೂಲು ವಿಧಾನ ಕೀಫ್ರೇಮ್. ಗೋಡೆಗೆ ಮೊಳೆ ಹೊಡೆದು ದಾರ ಎಳೆದಂತೆ ಅಂದುಕೊಳ್ಳಿ. ಮೊದಲನೆಯ ಸೆಕೆಂಡಿನಲ್ಲಿ ಅಕ್ಷರ ಇಲ್ಲಿರಲಿ ಎಂದು ಒಂದು ಮೊಳೆ, ಎರಡನೆಯ ಸೆಕೆಂಡಿಗೆ ಅಲ್ಲಿರಲಿ ಎಂದು ಇನ್ನೊಂದು. ನಡುವಿನ ದಾರವನ್ನು ತಂತ್ರಾಂಶ ಎಳೆಯುತ್ತದೆ. ಪುಟಿತ ಬೇಕೆಂದರೆ ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಎಂಟು ಹತ್ತು ಮೊಳೆ ಹೊಡೆದು, ನಡುವಿನ ದಾರದ ಬಾಗನ್ನು ಒಂದೊಂದಾಗಿ ತಿದ್ದಬೇಕು. ಒಂದು ಹೆಸರಿಗಾದರೆ ಮಾಡಬಹುದು. ‘ತಮ್ಮ ಸುಖಾಗಮನವನ್ನು ಬಯಸುವವರು’ ಎಂದು ನಲವತ್ತು ಹೆಸರಿದ್ದರೆ? ಎಲ್ಲ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಫೋನು ಬರುತ್ತದೆ: ‘ಅಣ್ಣಾ, ಎಲ್ಲಾ ಸೂಪರ್ ಆಗಿದೆ. ಆ ನೆಗೆಯೋದು ಒಂಚೂರು ಮೆತ್ತಗಾಗ್ಬೇಕಿತ್ತು.’

2001ರಲ್ಲಿ ಬಂದ ಐದನೇ ಆವೃತ್ತಿ ಈ ಗೋಳಿಗೆ ಒಂದು ದಾರಿ ತೋರಿಸಿತು. ಪ್ರತಿ ಗುಣದ ಪಕ್ಕದಲ್ಲಿ, ಅಂದರೆ ಜಾಗ, ಗಾತ್ರ, ತಿರುವು ಇತ್ಯಾದಿಗಳ ಪಕ್ಕದಲ್ಲಿ, ಒಂದು ಪುಟ್ಟ ಗಡಿಯಾರದ ಗುರುತು ಇರುತ್ತದೆ. ಕೀಲಿಮಣೆಯ ಆಲ್ಟ್ ಒತ್ತಿ ಅದರ ಮೇಲೆ ಕ್ಲಿಕ್ಕಿಸಿದರೆ ಬರೆಯುವ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ಲೆಕ್ಕ ಬರೆಯಬಹುದು. ಬರೆದ ಕೂಡಲೇ ಪಕ್ಕದ ಅಂಕಿ ಕೆಂಪಾಗುತ್ತದೆ. ಇನ್ನು ಇದು ನಿನ್ನ ಕೈಯಲ್ಲಿಲ್ಲ, ಲೆಕ್ಕದ ಕೈಯಲ್ಲಿದೆ ಎಂದು ಅದರರ್ಥ. ಬರೆಯುವ ಭಾಷೆ ಜಾವಾಸ್ಕ್ರಿಪ್ಟ್, ಜಾಲತಾಣಗಳನ್ನು ಕಟ್ಟುವವರು ಬಳಸುವ ಅದೇ ಭಾಷೆ.

ಈಗ ನಲವತ್ತು ಹೆಸರಿಗೂ ಒಂದೇ ಲೆಕ್ಕ. ಮೆತ್ತಗಾಗಬೇಕೆಂದರೆ ಒಂದು ಅಂಕಿ ತಿದ್ದಿದರಾಯಿತು, ನಲವತ್ತೂ ಮೆತ್ತಗಾಗುತ್ತವೆ. ‘ಪ್ರೊಸೀಜರಲ್’ ಎಂಬ ದೊಡ್ಡ ಪದದ ಒಳಗಿರುವುದು ಇಷ್ಟೇ: ಚಿತ್ರವನ್ನು ಬರೆಯಬೇಡ, ಚಿತ್ರ ಹುಟ್ಟುವ ನಿಯಮವನ್ನು ಬರೆ.

ಹದಿನೇಳರ ಮಗ್ಗಿ

ಆ ನಿಯಮ ಬರೆಯುವಾಗ ಹೊಸಬರೆಲ್ಲ ಮುಗ್ಗರಿಸುವ ಒಂದು ಜಾಗವಿದೆ. ನಾನೂ ಮುಗ್ಗರಿಸಿದ್ದೆ. ಎಕ್ಸ್‌ಪ್ರೆಶನ್ನಿಗೆ ಹಿಂದಿನ ನೆನಪಿಲ್ಲ.

ವಿಡಿಯೊ ಗೇಮಿನಲ್ಲಿ ಚೆಂಡು ಪುಟಿಸುವವನ ರೀತಿ ಬೇರೆ. ಚೆಂಡು ಈಗ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತಾನೆ. ಮುಂದಿನ ಗಳಿಗೆಗೆ ವೇಗಕ್ಕೆ ಗುರುತ್ವವನ್ನು ಕೂಡಿಸುತ್ತಾನೆ, ಜಾಗಕ್ಕೆ ವೇಗವನ್ನು ಕೂಡಿಸುತ್ತಾನೆ. ನೆಲ ಬಂದರೆ ವೇಗದ ದಿಕ್ಕು ತಿರುಗಿಸುತ್ತಾನೆ. ಹೀಗೆ ಹೆಜ್ಜೆ ಮೇಲೆ ಹೆಜ್ಜೆ.

ಆಫ್ಟರ್ ಎಫೆಕ್ಟ್ಸ್ ಹಾಗೆ ನಡೆಯುವುದಿಲ್ಲ. ಎಡಿಟರ್ ಟೈಮ್‌ಲೈನಿನ ನಡುವೆ ಎಲ್ಲೋ ಬೆರಳಿಟ್ಟು ‘3.4ನೇ ಸೆಕೆಂಡಿನಲ್ಲಿ ಚೆಂಡು ಎಲ್ಲಿ?’ ಎಂದು ಕೇಳುತ್ತಾನೆ. ಮರುಕ್ಷಣ ಹಿಂದೆ ಹೋಗಿ ‘1.2ನೇ ಸೆಕೆಂಡಿನಲ್ಲಿ?’ ಎನ್ನುತ್ತಾನೆ. ವಿಡಿಯೊ ಸಿದ್ಧವಾಗುವಾಗಲೂ ಕಂಪ್ಯೂಟರು ಹಲವು ಫ್ರೇಮುಗಳನ್ನು ಒಟ್ಟೊಟ್ಟಿಗೇ ಬೇಯಿಸುವುದುಂಟು. ಯಾವುದು ಮೊದಲು ಮುಗಿಯುತ್ತದೋ ಹೇಳಲಾಗದು. ಹಿಂದಿನ ಫ್ರೇಮಿನಲ್ಲಿ ಚೆಂಡು ಎಲ್ಲಿತ್ತು ಎಂದು ಎಕ್ಸ್‌ಪ್ರೆಶನ್ ಎಲ್ಲೂ ಬರೆದಿಟ್ಟಿರುವುದಿಲ್ಲ. ಅದರ ಕೈಯಲ್ಲಿರುವುದು ಮುಖ್ಯವಾಗಿ ಒಂದೇ ಅಂಕಿ, ಸಮಯ. ಆ ಅಂಕಿಯಿಂದ ನೇರವಾಗಿ ಉತ್ತರ ಕೊಡಬೇಕು.

ಚಿಕ್ಕಂದಿನಲ್ಲಿ ಮೇಷ್ಟ್ರು ‘ಹದಿನೇಳೆಂಟ್ಲಿ?’ ಎಂದು ಕೇಳಿದಾಗ ತರಗತಿಯಲ್ಲಿ ಎರಡು ಬಗೆಯವರಿದ್ದರು. ಹದಿನೇಳೊಂದ್ಲಿಯಿಂದ ಶುರುಮಾಡಿ ಬೆರಳೆಣಿಸುತ್ತ ಏಳು ಮೆಟ್ಟಿಲು ಹತ್ತಿ ಎಂಟನೆಯದಕ್ಕೆ ತಲುಪುವವರು ಒಂದು ಬಗೆ. ‘136’ ಎಂದು ಒಂದೇ ಏಟಿಗೆ ಹೇಳುವವರು ಇನ್ನೊಂದು. ಗೇಮಿನ ಚೆಂಡು ಮೊದಲನೆಯ ಬಗೆ, ಎಕ್ಸ್‌ಪ್ರೆಶನ್ ಎರಡನೆಯದು. ಬೇಕಿದ್ದರೆ ಎಕ್ಸ್‌ಪ್ರೆಶನ್ನಿಂದಲೂ ಪ್ರತಿ ಫ್ರೇಮಿಗೆ ಮಗ್ಗಿಯನ್ನು ಮೊದಲಿನಿಂದ ಹೇಳಿಸಬಹುದು, ಆದರೆ ಫ್ರೇಮು ಮುಂದೆ ಹೋದಷ್ಟೂ ಮಗ್ಗಿ ಉದ್ದವಾಗಿ ಕಂಪ್ಯೂಟರಿನ ಫ್ಯಾನು ಕೂಗತೊಡಗುತ್ತದೆ.

ಹಾಗಾಗಿ ಪುಟಿತದ ಎಕ್ಸ್‌ಪ್ರೆಶನ್ ಬರೆಯುವವನಿಗೆ ಬೇಕಾಗಿರುವುದು ಸಮಯವನ್ನು ಒಂದು ಕಡೆಯಿಂದ ಹಾಕಿದರೆ ಎತ್ತರ ಇನ್ನೊಂದು ಕಡೆಯಿಂದ ಬೀಳುವ ಸೂತ್ರ. ಅಂಥ ಸೂತ್ರಗಳು ಗಣಿತದ ಹಳೇ ಪೆಟ್ಟಿಗೆಯಲ್ಲಿ ಸಿದ್ಧವಾಗಿಯೇ ಇದ್ದವು.

ಬಿಲ್ಲಿನ ಹೆದೆ, ತಿರುಗಿಸಿಟ್ಟ ಚಕ್ರಬಡ್ಡಿ

ಮೊದಲು ಸುಲಭದ್ದನ್ನು ನೋಡೋಣ. ಅಕ್ಷರ ಬಲಗಡೆಯಿಂದ ಓಡಿ ಬರುತ್ತದೆ, ತನ್ನ ಜಾಗವನ್ನು ಸ್ವಲ್ಪ ದಾಟುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಅಷ್ಟು ಮುಂದೆ, ಹೀಗೆ ತೂಗಾಡಿ ನಿಲ್ಲುತ್ತದೆ. ಇಲ್ಲಿ ನೆಲವಿಲ್ಲ. ಕಾಣದ ಸ್ಪ್ರಿಂಗೊಂದು ಅದನ್ನು ಹಿಡಿದಿದೆ. ಈ ಕೆಲಸದವರು ಇದನ್ನು ‘ಓವರ್‌ಶೂಟ್’ ಅನ್ನುತ್ತಾರೆ. ಮಾತಿನ ಭರದಲ್ಲಿ ಇದನ್ನೂ ಬೌನ್ಸ್ ಎಂದುಬಿಡುತ್ತಾರೆ.

ಸ್ಪ್ರಿಂಗು ಎಷ್ಟು ಎಳೆದರೆ ಅಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ ಪ್ರಕಟಿಸಿದ್ದು 1678ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಅವನು ಈ ನಿಯಮವನ್ನು ಅಕ್ಷರಗಳನ್ನು ಕಲಸಿಹಾಕಿದ ಒಗಟಾಗಿ ಅಚ್ಚು ಹಾಕಿಸಿದ್ದ. ಬೇರೆ ಯಾರೂ ಕದಿಯಬಾರದು, ಆದರೆ ಮೊದಲು ಕಂಡದ್ದು ತಾನೆಂದು ದಾಖಲೆಯೂ ಇರಬೇಕು! ಈ ನಿಯಮದಂತೆ ತೂಗಾಡುವ ವಸ್ತುವಿನ ಚಲನೆಯನ್ನು ಕಾಗದದ ಮೇಲೆ ಬಿಡಿಸಿದರೆ ಬರುವ ಅಲೆಯೇ ಸೈನ್.

ಸೈನ್ ಪದದ ಜಾತಕ ನಮ್ಮ ಕಡೆಯದೇ. ಆರ್ಯಭಟ 499ರ ಹೊತ್ತಿಗೆ ಬರೆದ ಗ್ರಂಥದಲ್ಲಿ ಬಳಸಿದ ಪದ ‘ಜ್ಯಾ’, ಅಂದರೆ ಬಿಲ್ಲಿನ ಹೆದೆ. ಅರಬರು ಅದನ್ನು ‘ಜೀಬ’ ಎಂದು ಎರವಲು ಪಡೆದರು. ಸ್ವರ ಬಿಟ್ಟು ಬರೆಯುವ ಅವರ ಲಿಪಿಯಲ್ಲಿ ಅದು ‘ಜೈಬ್’ ಎಂದೂ ಓದಿಸಿಕೊಂಡಿತು, ಅಂದರೆ ಮಡಿಲು. ಲ್ಯಾಟಿನ್ನಿಗೆ ಅನುವಾದಿಸಿದವರು ಮಡಿಲಿಗೆ ಅವರ ಪದವಾದ ‘ಸೈನಸ್’ ಇಟ್ಟರು. ಹೀಗೆ ಹೆದೆ ಮಡಿಲಾಗಿ, ನಮ್ಮ ಹತ್ತನೇ ತರಗತಿಯ ಮಕ್ಕಳನ್ನು ಹೆದರಿಸುವ ಸೈನ್ ಆಗಿ ವಾಪಸು ಬಂತು. ಮೀಟಿದ ಹೆದೆ ಅದುರುವುದನ್ನು ನೋಡಿದವರಿಗೆ ಹಳೆಯ ಹೆಸರೇ ಚೆನ್ನ ಅನ್ನಿಸೀತು.

ಬರೀ ಸೈನ್ ಇದ್ದರೆ ತೂಗಾಟ ನಿಲ್ಲುವುದೇ ಇಲ್ಲ. ತಗ್ಗಿಸುವುದಕ್ಕೆ ಇನ್ನೊಂದು ಬೇಕು. ಚಕ್ರಬಡ್ಡಿಯಲ್ಲಿ ಸಾಲ ಬೆಳೆಯುವ ರೀತಿ ಗೊತ್ತಲ್ಲ, ಇದ್ದುದರ ಮೇಲೆ ಇಂತಿಷ್ಟು ಪಾಲು ಏರುತ್ತ ಹೋಗುತ್ತದೆ. ಅದನ್ನು ತಿರುಗಿಸಿಡಿ, ಇದ್ದುದರಲ್ಲಿ ಇಂತಿಷ್ಟು ಪಾಲು ಕಳೆಯುತ್ತ ಹೋಗುತ್ತದೆ. 2.718 ಎಂದು ಶುರುವಾಗುವ, ಗಣಿತದವರು ‘ಇ’ ಎನ್ನುವ ಸಂಖ್ಯೆ ಈ ಲೆಕ್ಕದ ಯಜಮಾನ. 1683ರಲ್ಲಿ ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿಗೆ ಅದು ಎದುರಾದದ್ದೂ ಚಕ್ರಬಡ್ಡಿಯ ಪ್ರಶ್ನೆಯೊಂದನ್ನು ಬಿಡಿಸುವಾಗಲೇ.

ಹೆದೆಯ ಅದುರನ್ನು ಈ ಇಳಿಬಡ್ಡಿಯಿಂದ ಗುಣಿಸಿದರೆ ಓವರ್‌ಶೂಟ್ ಸಿದ್ಧ. ಕಲಾವಿದರು ಹೊಂದಿಸುವ ಅಂಕಿಗಳು ಮೂರು: ಆಂಪ್ಲಿಟ್ಯೂಡ್, ಫ್ರೀಕ್ವೆನ್ಸಿ, ಡಿಕೇ. ಎಷ್ಟು ದೂರ ತೂಗಲಿ, ಸೆಕೆಂಡಿಗೆ ಎಷ್ಟು ಸಲ ತೂಗಲಿ, ಎಷ್ಟು ಬೇಗ ಸುಮ್ಮನಾಗಲಿ. ಡಿಕೇ 5 ಎಂದಿಟ್ಟರೆ ತೂಗಾಟ ಸುಮಾರು 0.14 ಸೆಕೆಂಡಿಗೊಮ್ಮೆ ಅರ್ಧವಾಗುತ್ತದೆ. ಒಂದು ಸೆಕೆಂಡು ಮುಗಿಯುವ ಹೊತ್ತಿಗೆ ನೂರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. 2 ಎಂದಿಟ್ಟರೆ ಹಳೇ ಅಂಬಾಸಿಡರ್ ಕಾರಿನ ಸೀಟು.

ಈ ಸೂತ್ರದ ಪ್ರಚಲಿತ ರೂಪದಲ್ಲಿ ಒಂದು ಜಾಣತನವಿದೆ. ಕೊನೆಯ ಕೀಫ್ರೇಮಿಗೆ ಬಂದು ಮುಟ್ಟುವ ಮುನ್ನ ಅಕ್ಷರ ಎಷ್ಟು ವೇಗದಲ್ಲಿತ್ತು ಎಂದು ಅದು ಮೊದಲು ಕೇಳಿ ತಿಳಿದುಕೊಂಡು, ತೂಗಾಟವನ್ನು ಆ ವೇಗದಿಂದ ಗುಣಿಸುತ್ತದೆ. ರಭಸವಾಗಿ ಬಂದದ್ದು ಹೆಚ್ಚು ತೂಗುತ್ತದೆ, ಮೆಲ್ಲಗೆ ಬಂದದ್ದು ಕಡಿಮೆ. ಅಮೆರಿಕದ ಡಾನ್ ಎಬರ್ಟ್ಸ್ ಇಂಥ ಎಕ್ಸ್‌ಪ್ರೆಶನ್‌ಗಳನ್ನು ಬಿಡಿಸಿ ಬಿಡಿಸಿ ವಿವರಿಸಿ ಬರೆದು ಎಲ್ಲರ ಕೈಗೂ ಸಿಗುವಂತೆ ಮಾಡಿದರು. ಈಗ ಅದನ್ನು ನಕಲು ಮಾಡಿ ಅಂಟಿಸುವವರಲ್ಲಿ ಎಷ್ಟೋ ಮಂದಿಗೆ ಮೂರು ಅಂಕಿ ಬಿಟ್ಟು ಉಳಿದದ್ದು ಮಂತ್ರ. ಪುರೋಹಿತರ ಜೊತೆ ‘ಮಮ’ ಅಂದ ಹಾಗೆ.

ಉಯ್ಯಾಲೆ ಬೇರೆ, ಚೆಂಡು ಬೇರೆ

ಇನ್ನು ನಿಜವಾದ ಪುಟಿತ. ಅವಸರದವರ ಉಪಾಯವೊಂದಿದೆ: ಮೇಲಿನ ಅಲೆಯಲ್ಲಿ ನೆಲದ ಕೆಳಗೆ ಹೋಗುವ ಭಾಗವನ್ನೆಲ್ಲ ಮಡಚಿ ಮೇಲಕ್ಕೆ ತಂದುಬಿಡುವುದು. ಮೈನಸ್ ಇದ್ದಲ್ಲೆಲ್ಲ ಪ್ಲಸ್. ಅಲೆಯ ಬದಲು ಕಮಾನುಗಳ ಸಾಲು ಬರುತ್ತದೆ, ಒಂದಕ್ಕಿಂತ ಒಂದು ಕುಳ್ಳ. ನೋಡಲು ಪುಟಿತದಂತೆಯೇ. ಅಗ್ಗದ ಟೆಂಪ್ಲೇಟುಗಳಲ್ಲಿ ಹಲವು ಸಲ ಕಾಣುವುದು ಇದೇ, ಮತ್ತು ಅಲ್ಲೆಲ್ಲ ಅಕ್ಷರಕ್ಕೆ ಜ್ವರ ಬಂದಂತೆ ಕಾಣುವುದೂ ಇದರಿಂದಲೇ.

ಏನು ತಪ್ಪು ಎಂದು ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಒಂದು ಗೋಲಿ ಬೀಳಿಸಿ. ಟಕ್... ಟಕ್.. ಟಕ್. ಟಕ್ಟಕ್ಟಕಟಕಟಕ. ಎತ್ತರ ತಗ್ಗಿದಂತೆ ಎರಡು ಸದ್ದುಗಳ ನಡುವಿನ ಬಿಡುವೂ ತಗ್ಗುತ್ತದೆ. ಉಯ್ಯಾಲೆಯಲ್ಲಿ ಹಾಗಲ್ಲ. ಉಯ್ಯಾಲೆಯ ತೂಗು ಕಿರಿದಾದರೂ ಒಂದು ತೂಗಿಗೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಸೈನ್ ಎಷ್ಟಾದರೂ ಉಯ್ಯಾಲೆಯ ವಂಶದ್ದು. ಅದನ್ನು ಮಡಚಿ ಮಾಡಿದ ಚೆಂಡು ಸಮನಾದ ತಾಳದಲ್ಲಿ ಪುಟಿಯುತ್ತದೆ. ಟಕ್, ಟಕ್, ಟಕ್, ಟಕ್. ಮಿಲಿಟರಿ ಕವಾಯತಿನ ಹಾಗೆ.

ಸರಿಯಾದ ಲೆಕ್ಕಕ್ಕೆ ಒಂದು ಹೊಸ ಅಂಕಿ ಬೇಕು: ನೆಲಕ್ಕೆ ಬಡಿದ ವೇಗದಲ್ಲಿ ಎಷ್ಟು ಪಾಲನ್ನು ಹೊತ್ತು ಚೆಂಡು ವಾಪಸಾಗುತ್ತದೆ? ಟೆನಿಸ್ ಚೆಂಡಿಗೆ ನಿಯಮವೇ ಇದೆ. 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್‌ವರೆಗೆ ಪುಟಿಯಬೇಕು. ಎತ್ತರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಉಳಿಯಿತೆಂದರೆ ವೇಗದಲ್ಲಿ ಮುಕ್ಕಾಲು ಪಾಲು ಉಳಿಯಿತೆಂದು ಅರ್ಥ. ಒಂದೊಂದು ಪುಟಿತಕ್ಕೂ ವೇಗ ಮುಕ್ಕಾಲಾಗುತ್ತದೆ, ಗಾಳಿಯಲ್ಲಿ ಕಳೆಯುವ ಹೊತ್ತೂ ಮುಕ್ಕಾಲಾಗುತ್ತದೆ. ಕಿವಿಗೆ ಕೇಳಿಸಿದ್ದು ಇದೇ.

ಹೀಗೆ ಮುಕ್ಕಾಲು ಮುಕ್ಕಾಲಾಗುತ್ತ ಹೋದರೆ ಪುಟಿತಗಳಿಗೆ ಕೊನೆಯೇ ಇಲ್ಲ, ಆದರೆ ಹಿಡಿಯುವ ಹೊತ್ತಿಗೆ ಕೊನೆಯಿದೆ! ಆ ಎತ್ತರದಿಂದ ಮೊದಲ ಸಲ ಬೀಳಲು ಚೆಂಡಿಗೆ 0.72 ಸೆಕೆಂಡು ಬೇಕು. ಎಣಿಸಲಾಗದ ಅಷ್ಟೂ ಪುಟಿತಗಳು, ಲೆಕ್ಕದ ಪ್ರಕಾರ, ಅದರ ಏಳು ಪಟ್ಟು ಹೊತ್ತಿನೊಳಗೆ, ಅಂದರೆ ಸುಮಾರು ಐದು ಸೆಕೆಂಡಿಗೆ ಮುಗಿದುಹೋಗುತ್ತವೆ. ಕಂಪ್ಯೂಟರಿಗೆ ಮಾತ್ರ ಇದನ್ನು ಬಿಡಿಸಿ ಹೇಳಬೇಕು. ‘ಇಷ್ಟು ಪುಟಿತ ಆದಮೇಲೆ ಸಾಕು’ ಎಂದು ಬರೆಯಲು ಮರೆತರೆ ಅದು ಎಣಿಸುತ್ತಲೇ ಕೂರುತ್ತದೆ.

ಈ ‘ಸಾಕು’ ಎನ್ನುವ ಜಾಗ ನೋಡಬೇಕೆಂದರೆ ರಾಬರ್ಟ್ ಪೆನ್ನರ್ ಬರೆದ ಸೂತ್ರ ನೋಡಬೇಕು. ಫ್ಲ್ಯಾಶ್ ಅನಿಮೇಷನ್ನುಗಳ ಕಾಲದಲ್ಲಿ ಪೆನ್ನರ್ ಸಿದ್ಧಪಡಿಸಿದ ಚಲನೆಯ ಸೂತ್ರಗಳು 2002ರಲ್ಲಿ ಪುಸ್ತಕವಾಗಿ ಬಂದವು, ಅಲ್ಲಿಂದ ಜಾಲತಾಣಗಳ ಎಷ್ಟೋ ಪರಿಕರಗಳಿಗೆ ಹರಡಿದವು. ಅದರಲ್ಲಿ ಪುಟಿತದ ಸೂತ್ರಕ್ಕೆ ಎರಡು ವಿಚಿತ್ರ ಅಂಕಿಗಳಿವೆ, 2.75 ಮತ್ತು 7.5625. ಸಾವಿರಾರು ಜನ ಇವನ್ನು ಪ್ರಶ್ನೆ ಕೇಳದೆ ನಕಲು ಮಾಡಿದ್ದಾರೆ. ನಾನೂ ಬಹಳ ದಿನ ಇದು ಯಾವುದೋ ಪ್ರಯೋಗಾಲಯದಲ್ಲಿ ಅಳೆದು ತಂದದ್ದೆಂದು ನಂಬಿದ್ದೆ.

ಒಂದು ಮಧ್ಯಾಹ್ನ ಕಾಗದ ಹಿಡಿದು ಕೂತಾಗ ಗುಟ್ಟು ಬಿಟ್ಟುಕೊಟ್ಟಿತು. ವೇಗ ಪ್ರತಿ ಸಲ ಅರ್ಧವಾಗುವ ಚೆಂಡು ಎಂದುಕೊಳ್ಳಿ. ಮೊದಲ ಸಲ ಬೀಳಲು ಹಿಡಿದ ಹೊತ್ತು 1 ಎಂದಿಡಿ. ಮೊದಲ ಪುಟಿತ ಏರಲು ಅರ್ಧ, ಇಳಿಯಲು ಅರ್ಧ, ಒಟ್ಟು 1. ಎರಡನೆಯದು ಅದರ ಅರ್ಧ, 0.5. ಮೂರನೆಯದು 0.25. ಕೂಡಿಸಿ: 1, 1, 0.5, 0.25. ಒಟ್ಟು 2.75! ಇನ್ನೊಂದು ಅಂಕಿ ಇದರದೇ ವರ್ಗ. ಕೊನೆಯಿಲ್ಲದೆ ಕೂಡಿಸಿದ್ದರೆ ಒಟ್ಟು 3 ಆಗಬೇಕಿತ್ತು. ಮೂರು ಪುಟಿತಕ್ಕೆ ಸಾಕು ಎಂದು ಉಳಿದ ಕಾಲನ್ನು ಕತ್ತರಿಸಿ ಹಾಕಿದ್ದಾರೆ, ಅಷ್ಟೆ. ಕತ್ತರಿಸಿದ ಜಾಗದಲ್ಲಿ ಚೆಂಡಿನ ಎತ್ತರ ಮೊದಲಿನ 256ರಲ್ಲಿ ಒಂದು ಪಾಲಷ್ಟೇ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೀಟರು ಮತ್ತು ಪಿಕ್ಸೆಲ್ಲು

ಲೆಕ್ಕ ಸರಿಯಿದ್ದರೆ ಸಾಕೆ? ಮೊದಲ ಸಲ ನಾನು ಗುರುತ್ವ 9.8 ಎಂದು ಶಾಲೆಯಲ್ಲಿ ಕಲಿತದ್ದನ್ನು ಹಾಗೇ ಹಾಕಿದಾಗ ಅಕ್ಷರ ಬೀಳಲೇ ಇಲ್ಲ. ನೀರಲ್ಲಿ ನೆನೆದ ಅವಲಕ್ಕಿಯಂತೆ ಅಲ್ಲೇ ಉಬ್ಬಿಕೊಂಡಿತ್ತು. ಆ 9.8 ಮೀಟರುಗಳಲ್ಲಿ, ಪರದೆ ಇರುವುದು ಪಿಕ್ಸೆಲ್ಲುಗಳಲ್ಲಿ. ಸಾವಿರಾರು ಎಂದು ಹಾಕಬೇಕು. ಹಾಕಿದೆ, ಚಿಹ್ನೆ ತಪ್ಪಾಗಿ ಅಕ್ಷರ ಮಾಡು ಸೀಳಿಕೊಂಡು ಮೇಲೆ ಹೋಯಿತು. ಶಾಲೆಯ ಗ್ರಾಫಿನಲ್ಲಿ ಮೇಲೆ ಹೋದರೆ ಅಂಕಿ ಹೆಚ್ಚುತ್ತದೆ, ಪರದೆಯಲ್ಲಿ ಕೆಳಗೆ ಬಂದರೆ ಹೆಚ್ಚುತ್ತದೆ. ಮೇಲಿನ ಎಡಮೂಲೆಯೇ ಸೊನ್ನೆ.

ಇದರಲ್ಲೊಂದು ಸ್ವಾರಸ್ಯವೂ ಇದೆ. ಒಂದು ಮೀಟರು ಎಂದರೆ ಎಷ್ಟು ಪಿಕ್ಸೆಲ್ಲು ಎಂದು ಹೇಳುವವರು ನಾವೇ ಆದ್ದರಿಂದ, ಬೀಳುವ ಹೊತ್ತೇ ವಸ್ತುವಿನ ಗಾತ್ರವನ್ನು ಹೇಳಿಬಿಡುತ್ತದೆ. 20 ಸೆಂಟಿಮೀಟರ್ ಬೀಳಲು 0.2 ಸೆಕೆಂಡು ಬೇಕು, 20 ಮೀಟರ್ ಬೀಳಲು ಎರಡು ಸೆಕೆಂಡು. ಪರದೆಯ ಮೇಲಿನಿಂದ ಕೆಳಕ್ಕೆ ಅಕ್ಷರ ಎರಡು ಸೆಕೆಂಡು ತೆಗೆದುಕೊಂಡರೆ ಮನಸ್ಸು ಅದನ್ನು ಆರೇಳು ಮಹಡಿಯ ಕಟ್ಟಡದಷ್ಟು ದೊಡ್ಡದೆಂದು ಓದುತ್ತದೆ, ಇಲ್ಲವೇ ಇದು ಚಂದ್ರನ ಮೇಲೆ ಅನ್ನಿಸುತ್ತದೆ. ಸಿನಿಮಾ ಶೀರ್ಷಿಕೆಗೆ ಅದೇ ಬೇಕು. ಬಿಸ್ಕತ್ತಿನ ಜಾಹೀರಾತಿಗೆ 0.2.

ಚಪ್ಪಟೆಯಾಗುವ ಲೆಕ್ಕವೂ ಹೀಗೆಯೇ ಸುಲಭ. ಎತ್ತರ 80ಕ್ಕಿಳಿದರೆ ಅಗಲ 125 ಆಗಬೇಕು, ಎರಡರ ಗುಣಲಬ್ಧ ಬದಲಾಗಬಾರದು. ಅಕ್ಷರದೊಳಗಿನ ‘ಹಿಟ್ಟು’ ಎಲ್ಲೂ ಸೋರಿಲ್ಲ ಎಂದು ಕಣ್ಣಿಗೆ ನಂಬಿಕೆ ಬರುತ್ತದೆ. ಇಲ್ಲಿ ಭೌತಶಾಸ್ತ್ರವನ್ನು ತೀರಾ ನಂಬಿದರೂ ಕಷ್ಟ. ನಿಜವಾದ ಟೆನಿಸ್ ಚೆಂಡು ನೆಲದ ಮೇಲೆ ಚಪ್ಪಟೆಯಾಗಿರುವ ಹೊತ್ತು ಸೆಕೆಂಡಿನ ನೂರರಲ್ಲೊಂದು ಪಾಲೂ ಇರುವುದಿಲ್ಲ. ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಫ್ರೇಮು. ಲೆಕ್ಕದಂತೆ ಮಾಡಿದರೆ ಆ ಚಪ್ಪಟೆ ಒಂದು ಫ್ರೇಮಿಗೂ ಸಿಕ್ಕದೆ ಹೋಗಬಹುದು. ಆದ್ದರಿಂದ ಸುಳ್ಳು ಹೇಳಿ ಎರಡು ಫ್ರೇಮು ಹಿಡಿಯುತ್ತಾರೆ. ಆ ಸುಳ್ಳಿನಿಂದಲೇ ಚೆಂಡು ನಿಜವಾಗುತ್ತದೆ.

ಎಲ್ಲೆಲ್ಲೂ ಪುಟಿದರೆ

ಲೆಕ್ಕ ಅಗ್ಗವಾದ ಮೇಲೆ ಪುಟಿತ ಎಲ್ಲ ಕಡೆಗೂ ಬಂತು. 2007ರ ಮೊದಲ ಐಫೋನಿನಲ್ಲಿ ಪಟ್ಟಿಯ ತುದಿ ಮುಟ್ಟಿದಾಗ ಅದು ರಬ್ಬರಿನಂತೆ ಹಿಗ್ಗಿ ವಾಪಸು ಬರುತ್ತಿತ್ತು. ಬಾಸ್ ಓರ್ಡಿಂಗ್ ರೂಪಿಸಿದ ಈ ಪುಟ್ಟ ಚಲನೆಗೆ ಆ್ಯಪಲ್ ಪೇಟೆಂಟ್ ಪಡೆದಿತ್ತು. 2012ರಲ್ಲಿ ಸ್ಯಾಮ್ಸಂಗ್ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ನಡೆದ ದೊಡ್ಡ ಮೊಕದ್ದಮೆಯಲ್ಲಿ ಅದೂ ಒಂದು ಅಸ್ತ್ರವಾಯಿತು. ಪಟ್ಟಿ ಮುಗಿಯಿತು ಎಂದು ಹೇಳುವ ಒಂದು ಅಲುಗಾಟ ನ್ಯಾಯಾಲಯದ ಮೆಟ್ಟಿಲು ಹತ್ತಿತು!

ಎಲ್ಲರಿಗೂ ಇದು ಹಿತವಲ್ಲ. ಒಳಗಿವಿಯ ಸಮತೋಲದ ತೊಂದರೆ ಇರುವವರಿಗೆ ಪರದೆಯ ತೂಗಾಟದಿಂದ ತಲೆ ಸುತ್ತುತ್ತದೆ, ಹೊಟ್ಟೆ ತೊಳೆಸುತ್ತದೆ. 2013ರಲ್ಲಿ ಐಫೋನಿನ ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಇಂಥ ದೂರುಗಳು ಬಂದವು. ಈಗ ಫೋನುಗಳ ಸೆಟ್ಟಿಂಗಿನಲ್ಲಿ ಚಲನೆ ತಗ್ಗಿಸುವ ಆಯ್ಕೆ ಇದೆ, ಒಳ್ಳೆಯ ಜಾಲತಾಣಗಳು ಅದನ್ನು ಓದಿ ಪುಟಿತ ನಿಲ್ಲಿಸುತ್ತವೆ.

ಇನ್ನೊಂದು ತೊಂದರೆಗೆ ಸೆಟ್ಟಿಂಗ್ ಇಲ್ಲ. ಟೆಂಪ್ಲೇಟಿನಲ್ಲಿ ಹೆಸರು ಬದಲಿಸಿದರೆ ಸಾಕು, ಎಲ್ಲ ತಾನೇ ಆಗುತ್ತದೆ. ಹಾಗಾಗಿ ಮದುವೆಗೆ ಮಾಡಿದ್ದೇ ನಾಮಕರಣಕ್ಕೆ, ಗೃಹಪ್ರವೇಶಕ್ಕೆ, ಚುನಾವಣೆಗೆ. ಒಮ್ಮೆ ಭಾವಪೂರ್ಣ ಶ್ರದ್ಧಾಂಜಲಿಯ ವಿಡಿಯೊ ಒಂದರಲ್ಲಿ ತೀರಿಕೊಂಡ ಹಿರಿಯರ ಹೆಸರು ಮೇಲಿನಿಂದ ಬಿದ್ದು ಮೂರು ಸಲ ಪುಟಿದದ್ದನ್ನು ಕಂಡೆ. ಲೆಕ್ಕ ಕರಾರುವಾಕ್ಕಾಗಿತ್ತು.

ಓಡಿಹೋದ ಒತ್ತಕ್ಷರ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರ ಮೇಲೊಂದು ತಲೆನೋವಿದೆ. ಅಕ್ಷರಗಳು ಒಂದೊಂದಾಗಿ ಬಿದ್ದು ಪುಟಿಯಲಿ ಎಂದರೆ ತಂತ್ರಾಂಶ ಪದವನ್ನು ಬಿಡಿಸುವುದು ತನ್ನ ಲೆಕ್ಕದಲ್ಲಿ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎಂದರೆ ಒಂದು ಗುರುತು. ಕನ್ನಡದಲ್ಲಿ ‘ಕ್ಕಿ’ ಎಂಬುದು ನಮಗೆ ಒಂದಕ್ಷರ, ಕಂಪ್ಯೂಟರಿಗೆ ನಾಲ್ಕು ಗುರುತು: ಕ, ವಿರಾಮ, ಕ, ಗುಡಿಸು. ನುಡಿಯಂಥ ಹಳೆಯ ಫಾಂಟುಗಳನ್ನು ಬಳಸುವ ಡಿಸೈನರುಗಳು ಇನ್ನೂ ಬಹಳ ಮಂದಿ ಇದ್ದಾರೆ. ಅಲ್ಲಂತೂ ಒತ್ತು ಬೇರೆಯೇ ತುಂಡು.

ಪರಿಣಾಮ ಏನೆಂದರೆ, ‘ಅಕ್ಕ’ ಎಂದು ಬರೆದು ಪುಟಿಸಿದರೆ ‘ಅ’ ಬೀಳುತ್ತದೆ, ‘ಕ’ ಬೀಳುತ್ತದೆ, ಅವೆರಡೂ ಪುಟಿಯುತ್ತಿರುವಾಗ ಕವತ್ತೊಂದೇ ಆಕಾಶದಿಂದ ತಡವಾಗಿ ಇಳಿದು ಬರುತ್ತದೆ. ಅಷ್ಟರವರೆಗೆ ಪರದೆಯ ಮೇಲಿರುವುದು ‘ಅಕ’. ‘ಕೃಷ್ಣ’ ಆದರೆ ಇನ್ನೂ ಗೋಳು. ಸಾಮಾನ್ಯವಾಗಿ ಜನ ಕಂಡುಕೊಂಡಿರುವ ದಾರಿ ಎರಡು. ಅಕ್ಷರದ ಬದಲು ಇಡೀ ಪದವನ್ನೇ ಪುಟಿಸುವುದು ಒಂದು. ಪ್ರತಿ ಅಕ್ಷರವನ್ನೂ ಅದರ ಒತ್ತು, ಗುಣಿತದ ಸಮೇತ ಬೇರೆ ಬೇರೆ ಪದರದಲ್ಲಿಟ್ಟು ಎಲ್ಲಕ್ಕೂ ಎಕ್ಸ್‌ಪ್ರೆಶನ್ ಹಾಕುವುದು ಇನ್ನೊಂದು. ಎರಡನೆಯದಕ್ಕೆ ತಾಳ್ಮೆ ಬೇಕು.

ಆದರೆ ಬೇರೆ ಪದರದಲ್ಲಿಟ್ಟ ಮೇಲೆ ಬೇರೊಂದು ಆಟ ಸಾಧ್ಯವಾಗುತ್ತದೆ. ‘ಎರಡು ಫ್ರೇಮಿನ ಹಿಂದೆ ಮೇಲಿನ ಅಕ್ಷರ ಎಲ್ಲಿತ್ತು?’ ಎಂದು ಕೇಳಲು ಎಕ್ಸ್‌ಪ್ರೆಶನ್ನಿಗೆ ಬರುತ್ತದೆ. ಅದಕ್ಕೆ ನೆನಪಿಲ್ಲದಿದ್ದರೂ, ಮೇಲಿನ ಅಕ್ಷರದ ಸೂತ್ರಕ್ಕೆ ಹಳೆಯ ಸಮಯ ಕೊಟ್ಟರೆ ಹಳೆಯ ಜಾಗ ಸಿಕ್ಕೇ ಸಿಗುತ್ತದಲ್ಲ. ಒತ್ತಕ್ಷರವನ್ನು ಮಾತ್ರ ಬೇರೆ ಪದರಕ್ಕೆ ತೆಗೆದು ಆ ಉತ್ತರಕ್ಕೆ ಕಟ್ಟಿಹಾಕಿದರೆ, ‘ಅಕ್ಕ’ ಬಿದ್ದು ಪುಟಿದಾಗ ಕವತ್ತು ಎರಡು ಫ್ರೇಮು ತಡವಾಗಿ ಹಿಂಬಾಲಿಸುತ್ತದೆ. ಅಕ್ಷರ ನಿಂತಮೇಲೂ ಅದು ಒಂದು ಕ್ಷಣ ಕೆಳಗೆ ತೂಗುತ್ತಿರುತ್ತದೆ, ತಲೆ ತಿರುಗಿಸಿದವಳ ಕಿವಿಯ ಜುಮುಕಿಯ ಹಾಗೆ.